ರಿಂಗ್ ಆದ್ರೆ ಎದ್ದೇಳೋ ಕಂಪ್ಯೂಟರ್: ಮೋಡೆಮ್ ಕಾಲದ ರಿಮೋಟ್ ಕಂಟ್ರೋಲ್ ಕಥೆ

ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೆ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಕಂತನ್ನ ಒಂದು ಲೆಕ್ಕದಿಂದ ಶುರು ಮಾಡ್ತೀನಿ. ನಾನು ಬಿಕಾಂ ಓದಿದವನು, ಲೆಕ್ಕ ತಾಳೆ ಆಗದಿದ್ರೆ ನನಗೆ ಸಮಾಧಾನ ಇಲ್ಲ.

ನಿಮ್ಮ ಫೋನಲ್ಲಿ ತೆಗೆದ ಒಂದು ಫೋಟೊ 3 ಎಂಬಿ ಇದೆ ಅಂದ್ಕೊಳ್ಳಿ. 1978ರಲ್ಲಿ ಹವ್ಯಾಸಿಗಳ ಹತ್ತಿರ ಇದ್ದ ಮೋಡೆಮ್ ಸೆಕೆಂಡಿಗೆ 300 ಬಿಟ್ ಕಳಿಸ್ತಿತ್ತು. ಒಂದು ಅಕ್ಷರಕ್ಕೆ ಶುರುವಿನ ಗುರುತು, ಮುಗಿದ ಗುರುತು ಎಲ್ಲ ಸೇರಿ 10 ಬಿಟ್. ಅಂದ್ರೆ ಸೆಕೆಂಡಿಗೆ 30 ಅಕ್ಷರ. ಆ ವೇಗದಲ್ಲಿ ನಿಮ್ಮ ಫೋಟೊ ಆ ಕಡೆ ತಲುಪೋಕೆ ಸುಮಾರು 28 ಗಂಟೆ ಬೇಕು. ಇವತ್ತು ಬೆಳಗ್ಗೆ ಕಳಿಸಿದ ಗುಡ್ ಮಾರ್ನಿಂಗ್ ಮೆಸೇಜು ನಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ಸಿಗುತ್ತೆ.

ಇಷ್ಟು ಕಿರಿದಾದ ದಾರೀಲಿ ಕೆಲವರು ಒಂದು ದೊಡ್ಡ ಕೆಲಸ ಮಾಡಿದರು. ಬೇರೆ ಊರಲ್ಲಿ, ಬೇರೆಯವರ ಮನೇಲಿ ಇರೋ ಕಂಪ್ಯೂಟರನ್ನ ಟೆಲಿಫೋನ್ ತಂತಿಯ ಮೂಲಕ ತಮ್ಮದೇ ಅನ್ನೋ ಹಾಗೆ ನಡೆಸಿದರು. ಇವತ್ತು ನಾವು ರಿಮೋಟ್ ಆಕ್ಸೆಸ್, ಸ್ಕ್ರೀನ್ ಶೇರಿಂಗ್ ಅಂತೀವಲ್ಲ, ಅದರ ಅಜ್ಜನ ಕಥೆ ಇದು. ಇದನ್ನ ಹೇಳೋಕೆ ನನಗೆ ಒಂದು ಕಾರಣ ಇದೆ, ಅದು ಕೊನೇಲಿ ಬರುತ್ತೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ದೂರದಿಂದ ಯಂತ್ರ ನಡೆಸೋದು ಪರ್ಸನಲ್ ಕಂಪ್ಯೂಟರ್‌ಗಿಂತ ಹಳೇದು. 1940ರ ಸೆಪ್ಟೆಂಬರ್ 11ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ಇತ್ತು. ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಅಲ್ಲಿ ಒಂದು ಟೆಲಿಪ್ರಿಂಟರ್ ಇಟ್ಟರು. ಲೆಕ್ಕ ಮಾಡೋ ಯಂತ್ರ ಇದ್ದದ್ದು ನ್ಯೂಯಾರ್ಕ್‌ನಲ್ಲಿ. ಇಲ್ಲಿ ಸಂಖ್ಯೆ ಒತ್ತಿದರೆ ಅಲ್ಲಿ ರಿಲೇಗಳು ಟಕಟಕ ಅಂದು, ಉತ್ತರ ತಂತಿಯಲ್ಲಿ ವಾಪಸ್ ಬರ್ತಿತ್ತು. ಸಭೆಯಲ್ಲಿದ್ದವರ ಪೈಕಿ ಜಾನ್ ವಾನ್ ನಾಯ್ಮನ್, ನಾರ್ಬರ್ಟ್ ವೀನರ್ ಅಂಥ ಘಟಾನುಘಟಿಗಳಿದ್ದರು.

ಆದರೆ ಅದು ಕಂಪನಿಯ ಯಂತ್ರ, ಕಂಪನಿಯ ತಂತಿ. 1970ರ ದಶಕದಲ್ಲಿ ಬದಲಾದದ್ದು ಮಾಲೀಕತ್ವ. ಯಂತ್ರ ಒಬ್ಬ ಸಾಮಾನ್ಯ ಮನುಷ್ಯನ ಮನೇಲಿದೆ, ತಂತಿ ಅವನ ಮನೆ ಫೋನಿಂದು. ಈಗ ಒಳಗೆ ಯಾರನ್ನ ಬಿಡಬೇಕು ಅನ್ನೋದು ಅವನದೇ ತೀರ್ಮಾನ.

ಫೋನ್ ಮನೇದು ಅಂದ ಮಾತ್ರಕ್ಕೆ ಅದಕ್ಕೆ ಏನು ಬೇಕಾದರೂ ಜೋಡಿಸೋ ಹಾಗಿರಲಿಲ್ಲ. ಅಮೆರಿಕದಲ್ಲಿ ಫೋನ್ ಕಂಪನಿಯವರು ತಮ್ಮ ತಂತಿಗೆ ಬೇರೆಯವರ ಉಪಕರಣ ಮುಟ್ಟಿಸೋಕೆ ಬಿಡ್ತಿರಲಿಲ್ಲ. 1968ರಲ್ಲಿ ಕಾರ್ಟರ್‌ಫೋನ್ ಅನ್ನೋ ಪ್ರಕರಣದಲ್ಲಿ ಅಲ್ಲಿನ ಸಂಪರ್ಕ ಆಯೋಗ ಈ ನಿಯಮವನ್ನ ಮುರೀತು. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಅನ್ನೋರು ರೇಡಿಯೊವನ್ನ ಫೋನಿಗೆ ಜೋಡಿಸೋ ಸಾಧನ ಮಾಡಿದ್ದರು. ತಂತಿ ಮುಟ್ಟದೆ, ಬರೀ ಶಬ್ದದ ಮೂಲಕ. ಅದೇ ಉಪಾಯ ಮೋಡೆಮ್‌ನಲ್ಲೂ ಇತ್ತು. ಒಂದು ಪೆಟ್ಟಿಗೆ, ಅದರ ಮೇಲೆ ಎರಡು ರಬ್ಬರ್ ಬಟ್ಟಲು. ಫೋನ್ ರಿಸೀವರನ್ನ ಅದರೊಳಗೆ ಒತ್ತಿ ಕೂರಿಸಿದರೆ ಪೆಟ್ಟಿಗೆ ಫೋನಿಗೆ ಹಾಡು ಹೇಳ್ತಿತ್ತು, ಫೋನ್ ಹೇಳಿದ ಹಾಡನ್ನ ಕೇಳಿಸ್ಕೊಳ್ತಿತ್ತು.

ಹಾಡು ಅಂದದ್ದು ಸುಮ್ಮನೆ ಅಲ್ಲ. ಬೆಲ್ 103 ಅನ್ನೋ ಪದ್ಧತಿಯಲ್ಲಿ ಕರೆ ಮಾಡಿದವನು 1070 ಮತ್ತು 1270 ಹರ್ಟ್ಜ್‌ನ ಎರಡು ಸ್ವರ ಬಳಸ್ತಿದ್ದ. ಒಂದು ಸ್ವರ ಸೊನ್ನೆಗೆ, ಇನ್ನೊಂದು ಒಂದಕ್ಕೆ. ಉತ್ತರ ಕೊಡೋನು 2025 ಮತ್ತು 2225 ಹರ್ಟ್ಜ್. ಒಬ್ಬ ಕೆಳಗಿನ ಸ್ಥಾಯಿ, ಇನ್ನೊಬ್ಬ ಮೇಲಿನ ಸ್ಥಾಯಿ. ಹಾಗಾಗಿ ಇಬ್ಬರೂ ಒಟ್ಟಿಗೆ ಹಾಡಿದರೂ ಒಬ್ಬರ ದನಿ ಇನ್ನೊಬ್ಬರದ್ದಕ್ಕೆ ಬೆರೀತಿರಲಿಲ್ಲ. ಒಂದೇ ತಂತಿಯಲ್ಲಿ ಜುಗಲ್‌ಬಂದಿ.

ಈಗ ಶಿಕಾಗೊಗೆ ಹೋಗೋಣ. 1978ರ ಜನವರಿ ಕೊನೆ. ಊರೆಲ್ಲಾ ಹಿಮ, ಮನೆಯಿಂದ ಆಚೆ ಬರೋಕಾಗಲ್ಲ. ವಾರ್ಡ್ ಕ್ರಿಸ್ಟೆನ್ಸನ್ ಅಂತ ಒಬ್ಬರು, ಐಬಿಎಂ ಉದ್ಯೋಗಿ. ರ‍್ಯಾಂಡಿ ಸ್ಯೂಸ್ ಅಂತ ಅವರ ಗೆಳೆಯ. ಇಬ್ಬರೂ ಒಂದೇ ಕಂಪ್ಯೂಟರ್ ಹವ್ಯಾಸಿಗಳ ಸಂಘದವರು. ಸಂಘದ ಸುದ್ದಿ ಹಾಕೋ ಕಾರ್ಕ್ ಬೋರ್ಡನ್ನ ಫೋನಲ್ಲೇ ಓದೋ ಹಾಗಿದ್ರೆ ಹೇಗೆ ಅಂತ ಮಾತಾಡ್ಕೊಂಡರು. ಸ್ಯೂಸ್ ಯಂತ್ರ ಜೋಡಿಸಿದರು, ಕ್ರಿಸ್ಟೆನ್ಸನ್ ಪ್ರೋಗ್ರಾಂ ಬರೆದರು. ಫೆಬ್ರವರಿ 16ರಂದು ಅದು ಸಾರ್ವಜನಿಕರಿಗೆ ತೆರೀತು. ಹೆಸರು ಸಿಬಿಬಿಎಸ್. ಡಯಲ್ ಮಾಡಿ ಸೇರ್ಕೊಳ್ಳೋ ಮೊದಲ ಬುಲೆಟಿನ್ ಬೋರ್ಡ್ ಅಂತ ಇತಿಹಾಸ ಅದನ್ನ ಗುರುತಿಸುತ್ತೆ.

ಅದರಲ್ಲಿ ನನಗೆ ತುಂಬಾ ಇಷ್ಟ ಆದ ಭಾಗ ಏನು ಗೊತ್ತಾ? ಫೋನ್ ರಿಂಗ್ ಆದ ಕೂಡಲೇ ಕಂಪ್ಯೂಟರ್ ರೀಸೆಟ್ ಆಗಿ, ಪ್ರೋಗ್ರಾಂ ಹೊಸದಾಗಿ ಲೋಡ್ ಆಗ್ತಿತ್ತು. ಹಿಂದಿನವನು ಏನೇ ಗೋಜಲು ಮಾಡಿ ಹೋಗಿದ್ರೂ ಮುಂದಿನವನಿಗೆ ಸಿಗೋದು ಒರೆಸಿಟ್ಟ ಸ್ಲೇಟು. ಹೋಟೆಲಲ್ಲಿ ಹೊಸ ಗಿರಾಕಿ ಕೂರೋ ಮೊದಲು ಟೇಬಲ್ ಒರೆಸ್ತಾರಲ್ಲ, ಹಾಗೆ.

ಆದರೆ ಅಲ್ಲಿ ಕರೆ ಮಾಡಿದವನಿಗೆ ಸಿಗ್ತಿದ್ದದ್ದು ಸಂದೇಶ ಓದೋದು, ಬರೆಯೋದು, ಅಷ್ಟೇ. ಯಂತ್ರದ ಲಗಾಮು ಅವನ ಕೈಗೆ ಬರ್ತಿರಲಿಲ್ಲ. ಲಗಾಮು ಕೊಟ್ಟದ್ದು ಅದರ ಆಸುಪಾಸಿನ ವರ್ಷಗಳಲ್ಲಿ ಹವ್ಯಾಸಿಗಳ ನಡುವೆ ಹಬ್ಬಿದ ಒಂದು ಪುಟ್ಟ ಪ್ರೋಗ್ರಾಂ. ಅದರ ಹೆಸರು 'ಬೈ'. ನಾವು ಟಾಟಾ ಬೈ ಬೈ ಅಂತೀವಲ್ಲ, ಅದೇ ಬೈ. ಕೆಲಸ ಮುಗಿದ ಮೇಲೆ ಕರೆ ಮಾಡಿದವನು ಈ ಮೂರು ಅಕ್ಷರ ಟೈಪ್ ಮಾಡಿ ಫೋನ್ ಇಡ್ತಿದ್ದ.

ಇದು ಕೆಲಸ ಮಾಡ್ತಿದ್ದ ರೀತಿ ಕೇಳಿ, ತುಂಬಾ ಸರಳ. ಆ ಕಾಲದ ಹವ್ಯಾಸಿಗಳ ಯಂತ್ರಗಳಲ್ಲಿ ಹೆಚ್ಚಾಗಿ ಓಡ್ತಿದ್ದದ್ದು ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಯಾವುದೇ ಪ್ರೋಗ್ರಾಂಗೆ ಒಂದು ಅಕ್ಷರ ಬೇಕಾದರೆ ನೇರವಾಗಿ ಕೀಬೋರ್ಡ್ ಹತ್ತಿರ ಹೋಗೋದಿಲ್ಲ. ನೆನಪಿನಲ್ಲಿ ಒಂದು ವಿಳಾಸದ ಪಟ್ಟಿ ಇರುತ್ತೆ. 'ಕೀಬೋರ್ಡಿಂದ ಅಕ್ಷರ ತರೋನು ಇಲ್ಲಿದ್ದಾನೆ', 'ಪರದೆಗೆ ಅಕ್ಷರ ಕಳಿಸೋನು ಅಲ್ಲಿದ್ದಾನೆ' ಅಂತ. 'ಬೈ' ಹೋಗಿ ಆ ಪಟ್ಟಿಯಲ್ಲಿ ತನ್ನ ವಿಳಾಸ ಬರೆದುಬಿಡ್ತಿತ್ತು. ಅಲ್ಲಿಂದ ಮುಂದೆ ಪ್ರೋಗ್ರಾಂ ಅಕ್ಷರ ಕೇಳಿದ್ರೆ 'ಬೈ' ಮೋಡೆಮ್‌ನಿಂದ ತಂದುಕೊಡೋದು. ಪ್ರೋಗ್ರಾಂ ಅಕ್ಷರ ಬರೆದ್ರೆ 'ಬೈ' ಅದನ್ನ ಮೋಡೆಮ್‌ಗೂ ಹಾಕೋದು, ಮನೆಯ ಪರದೆಗೂ ಹಾಕೋದು. ಪಾಪ, ಪ್ರೋಗ್ರಾಂಗೆ ಏನೂ ಗೊತ್ತಿಲ್ಲ. ಎದುರಿಗೆ ಯಾರೋ ಕೂತು ಟೈಪ್ ಮಾಡ್ತಿದ್ದಾರೆ ಅಂತಾನೇ ಅದರ ನಂಬಿಕೆ.

ಹೀಗೆ ತೆರೆದಿಟ್ಟ ಯಂತ್ರಗಳಿಗೆ ರಿಮೋಟ್ ಸಿಪಿ/ಎಂ ಅಂತ ಹೆಸರು ಬಂತು. ನೀವು ಕರೆ ಮಾಡ್ತೀರಿ, ಪರದೆ ಮೇಲೆ ಎ ಅಕ್ಷರ, ಪಕ್ಕದಲ್ಲಿ ಒಂದು ಬಾಣದ ಮೊನೆ. ಅದು ಯಾರದೋ ಮನೆಯ ಕಂಪ್ಯೂಟರ್, ಆದರೆ ಈಗ ನಿಮ್ಮ ಆಜ್ಞೆಗೆ ಕಾಯ್ತಿದೆ. ಫೈಲ್ ಪಟ್ಟಿ ನೋಡಬಹುದು, ಪ್ರೋಗ್ರಾಂ ಓಡಿಸಬಹುದು, ಬೇಕಾದ್ದನ್ನ ಇಳಿಸ್ಕೋಬಹುದು. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ಪೂರ್ತಿ ತುಂಬೋಕೆ 64 ಸೆಕೆಂಡ್. ಮಗ್ಗಿ ಹೇಳೋ ವೇಗ.

ಇನ್ನೊಂದು ತಮಾಷೆ. ಎಷ್ಟೋ ಜನರಿಗೆ ಮನೇಲಿ ಇದ್ದದ್ದು ಒಂದೇ ಫೋನ್. ಅಮ್ಮನಿಗೆ ಬರೋ ಕರೆ ಯಾವುದು, ಕಂಪ್ಯೂಟರ್‌ಗೆ ಬರೋ ಕರೆ ಯಾವುದು? ಅದಕ್ಕೆ ರಿಂಗ್‌ಬ್ಯಾಕ್ ಅನ್ನೋ ಪದ್ಧತಿ. ಒಂದು ಸಲ ರಿಂಗ್ ಕೊಟ್ಟು ಇಡಿ. ತಕ್ಷಣ ಮತ್ತೆ ಮಾಡಿ. ಆಗ ಮೋಡೆಮ್ ಎತ್ತುತ್ತೆ. ಇದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಮಿಸ್ಡ್ ಕಾಲ್ ಕೊಟ್ಟು ಸುದ್ದಿ ಮುಟ್ಟಿಸೋದ್ರಲ್ಲಿ ನಮ್ಮವರು ಪಿಎಚ್‌ಡಿ ಮಾಡಿದ್ದಾರೆ.

ಈಗ ಅಸಲು ಪ್ರಶ್ನೆಗೆ ಬರೋಣ. ಮುಖ ನೋಡದ ಒಬ್ಬ ಮನುಷ್ಯನ ಕೈಗೆ ನಿಮ್ಮ ಯಂತ್ರ ಕೊಡ್ತಿದ್ದೀರಿ. ಅವನು ಎಲ್ಲ ಅಳಿಸಿ ಹೋದ್ರೆ? ಸಿಪಿ/ಎಂನಲ್ಲಿ ಫೈಲ್ ಅಳಿಸೋಕೆ ಇ-ಆರ್-ಎ ಅಂತ ಮೂರಕ್ಷರದ ಆಜ್ಞೆ ಇತ್ತು. ಯಂತ್ರ ಇಟ್ಟವರು ಮೊದಲು ಮಾಡಿದ ಕೆಲಸ ಆ ಆಜ್ಞೆಯನ್ನ ಕಿತ್ತುಹಾಕಿದ್ದು. ಹೆಸರು ಬದಲಾಯಿಸೋ ಆಜ್ಞೆಯೂ ಹೋಯ್ತು. ನಡುವೆ ಲೈನ್ ಕಟ್ ಆದ್ರೆ? 'ಬೈ' ಆ ಕಡೆಯ ಸ್ವರ ಬರ್ತಿದೆಯಾ ಅಂತ ಗಮನಿಸ್ತಾನೇ ಇರ್ತಿತ್ತು. ಸ್ವರ ನಿಂತು ಸ್ವಲ್ಪ ಹೊತ್ತಾದ್ರೆ ತಾನೇ ಫೋನ್ ಇಟ್ಟು, ಮುಂದಿನ ಕರೆಗೆ ಅಣಿಯಾಗ್ತಿತ್ತು. ಇಲ್ಲದಿದ್ರೆ ಒಬ್ಬನು ಅರ್ಧಕ್ಕೆ ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬನು ಬಂದು ಕೂತುಬಿಡ್ತಿದ್ದ.

ಇಷ್ಟಾದ್ರೂ ಒಂದು ಸೌಲಭ್ಯ ಇತ್ತು, ಅದನ್ನ ನೆನಪಿಟ್ಕೊಳ್ಳಿ. ಕರೆ ಮಾಡಿದವನು ಏನು ಮಾಡ್ತಿದ್ದಾನೆ ಅನ್ನೋದು ಮನೆಯ ಪರದೆ ಮೇಲೂ ಕಾಣ್ತಿತ್ತು. ಇಷ್ಟ ಆಗಲಿಲ್ವಾ, ಸ್ವಿಚ್ ಆರಿಸಿದ್ರೆ ಆಟ ಮುಗೀತು.

ಸರಿ, ಫೈಲ್ ಇಳಿಸ್ಕೊಳ್ಳೋ ಮಾತು ಬಂತು. ಫೋನ್ ತಂತೀಲಿ ಕರಕರ ಸದ್ದು ಬಂದ್ರೆ ಅಕ್ಷರ ಕೆಡುತ್ತೆ. ಪತ್ರದಲ್ಲಿ ಒಂದಕ್ಷರ ತಪ್ಪಿದ್ರೆ ಓದ್ಕೋಬಹುದು. ಪ್ರೋಗ್ರಾಂನಲ್ಲಿ ಒಂದಕ್ಷರ ತಪ್ಪಿದ್ರೆ ಅದು ಓಡೋದೇ ಇಲ್ಲ. ಇದೇ ಕ್ರಿಸ್ಟೆನ್ಸನ್ 1977ರಲ್ಲೇ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಆಮೇಲೆ ಅದಕ್ಕೆ ಎಕ್ಸ್‌ಮೋಡೆಮ್ ಅಂತ ಹೆಸರಾಯ್ತು. ಫೈಲನ್ನ 128 ಬೈಟ್‌ಗಳ ತುಂಡು ಮಾಡೋದು. ಪ್ರತಿ ತುಂಡಿಗೂ ಕ್ರಮಸಂಖ್ಯೆ, ಕೊನೆಗೆ ಎಲ್ಲ ಬೈಟ್ ಕೂಡಿದ ಮೊತ್ತದ ಕೊನೆಯ ಒಂದು ಬೈಟ್. ಆ ಕಡೆಯವನು ತಾನೂ ಕೂಡಿ ನೋಡ್ತಾನೆ. ತಾಳೆ ಆಯ್ತಾ, 'ಸರಿ' ಅಂತ ಒಂದು ಗುರುತು. ಆಗಲಿಲ್ವಾ, 'ಮತ್ತೆ ಕಳಿಸು'. 16 ಕೆಬಿ ಪ್ರೋಗ್ರಾಂ ಅಂದ್ರೆ 128 ತುಂಡು, ಸುಮಾರು 10 ನಿಮಿಷ.

ಕಾಮರ್ಸ್ ಓದಿದವರು ಈಗಾಗಲೇ ನಕ್ಕಿರಬೇಕು. ಇದು ಲೆಡ್ಜರ್ ಪುಟದ ಕೆಳಗಿನ ಒಟ್ಟು, ಅಷ್ಟೇ. ಅದರ ರೋಗವೂ ಇದಕ್ಕಿತ್ತು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಒಂದು ತಪ್ಪು ಇನ್ನೊಂದು ತಪ್ಪನ್ನ ಸರಿದೂಗಿಸಿ ಎರಡೂ ಕಡೆ ಸಮ ಬಂದುಬಿಡುತ್ತಲ್ಲ, ಹಾಗೆ ಎರಡು ಬೈಟ್ ಅದಲುಬದಲಾದ್ರೂ ಮೊತ್ತ ಅದೇ ಬರುತ್ತೆ. ಅದಕ್ಕೇ ಮುಂದೆ ಸಿಆರ್‌ಸಿ ಅನ್ನೋ ಬಿಗಿಯಾದ ಲೆಕ್ಕ ಬಂತು. ಅದರಲ್ಲಿ ಮೊತ್ತದ ಜೊತೆ ಜಾಗವೂ ಲೆಕ್ಕಕ್ಕೆ ಬರುತ್ತೆ.

1981ರಲ್ಲಿ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ತಂತು. ಅಲ್ಲೀವರೆಗೆ ಎಷ್ಟೋ ಮೋಡೆಮ್‌ಗಳಿಗೆ ಮನುಷ್ಯನೇ ಡಯಲ್ ಮಾಡಿಕೊಡಬೇಕಿತ್ತು. ಇದಕ್ಕೆ ಕಂಪ್ಯೂಟರೇ ಅಕ್ಷರದಲ್ಲಿ ಆಜ್ಞೆ ಕೊಡಬಹುದು: ಎ-ಟಿ-ಡಿ ಅಂತ ಬರೆದು ನಂಬರ್ ಹಾಕಿದ್ರೆ ಡಯಲ್. ಆದರೆ ಒಂದು ಗೊಂದಲ. ಆಜ್ಞೆಯೂ ಅಕ್ಷರ, ಕಳಿಸೋ ಮಾಹಿತಿಯೂ ಅಕ್ಷರ. ಇದು ನನಗೆ ಹೇಳಿದ್ದಾ, ಆ ಕಡೆಯವನಿಗಾ ಅಂತ ಮೋಡೆಮ್‌ಗೆ ಹೇಗೆ ಗೊತ್ತಾಗಬೇಕು? ಅವರ ಉತ್ತರ: ಒಂದು ಸೆಕೆಂಡ್ ಮೌನ, ಮೂರು ಪ್ಲಸ್ ಗುರುತು, ಮತ್ತೆ ಒಂದು ಸೆಕೆಂಡ್ ಮೌನ. ಹೀಗೆ ಬಂದ್ರೆ ಮಾತ್ರ ಅದು ಮೋಡೆಮ್‌ಗೆ. ಗುರುತಿನಷ್ಟೇ ಮೌನಕ್ಕೂ ಅರ್ಥ ಇತ್ತು.

ಅಷ್ಟೊತ್ತಿಗೆ ಐಬಿಎಂ ಪಿಸಿ ಬಂದಿತ್ತು. ಡಾಸ್‌ನಲ್ಲಿ ಸಿಟಿಟಿವೈ ಅನ್ನೋ ಆಜ್ಞೆ ಇತ್ತು, ಕೀಬೋರ್ಡ್ ಪರದೆ ಎರಡನ್ನೂ ಮೋಡೆಮ್ ಕಡೆ ತಿರುಗಿಸೋಕೆ. ಆದರೆ ಪಿಸಿಯ ಜನಪ್ರಿಯ ಪ್ರೋಗ್ರಾಂಗಳು ವೇಗಕ್ಕೋಸ್ಕರ ಡಾಸನ್ನ ಕೇಳದೆ ನೇರವಾಗಿ ಪರದೆಯ ನೆನಪಿಗೇ ಬರೀತಿದ್ದವು. ಸ್ಪ್ರೆಡ್‌ಶೀಟ್ ತೆರೆದ್ರೆ ಆ ಕಡೆ ಕೂತವನಿಗೆ ಏನೂ ಕಾಣಲ್ಲ. ವಿಳಾಸದ ಪಟ್ಟಿ ತಿದ್ದೋ ಹಳೇ ಉಪಾಯ ಇಲ್ಲಿ ನಡೀಲಿಲ್ಲ.

ಆಗ 1980ರ ದಶಕದ ನಡುವಿನಲ್ಲಿ ಕಾರ್ಬನ್ ಕಾಪಿ, ಪಿಸಿಎನಿವೇರ್ ಥರದ ಪ್ರೋಗ್ರಾಂಗಳು ಮಾರುಕಟ್ಟೆಗೆ ಬಂದವು. ಇವು ಪರದೆಯ ನೆನಪನ್ನೇ ಕಾಯ್ತಾ ಕೂರ್ತಿದ್ದವು. 25 ಸಾಲು, 80 ಅಕ್ಷರ, ಒಟ್ಟು 2000 ಅಕ್ಷರ. ಸೆಕೆಂಡಿಗೆ 2400 ಬಿಟ್‌ನ ಮೋಡೆಮ್‌ನಲ್ಲಿ ಇಡೀ ಪರದೆ ಕಳಿಸೋಕೆ 8 ಸೆಕೆಂಡ್‌ಗಿಂತ ಜಾಸ್ತಿ. ಅದಕ್ಕೆ ಬದಲಾದ ಅಕ್ಷರ ಮಾತ್ರ ಕಳಿಸೋದು. ನಿಮ್ಮ ವಿಡಿಯೊ ಕಾಲ್ ಇವತ್ತಿಗೂ ಹೆಚ್ಚುಕಮ್ಮಿ ಇದೇ ತತ್ವದಲ್ಲಿ ನಡೆಯುತ್ತೆ: ಬದಲಾಗದ್ದನ್ನ ಮತ್ತೆ ಕಳಿಸಬೇಡ.

ಇದರಿಂದ ಕೆಲಸದ ಸ್ವರೂಪವೇ ಬದಲಾಯ್ತು. ಬೇರೆ ಊರಿನ ಗಿರಾಕಿಯ ಕಂಪ್ಯೂಟರ್ ಕೆಟ್ಟರೆ ರೈಲು ಹತ್ತೋ ಬದಲು ಫೋನ್ ಹಚ್ಚಿದ್ರೆ ಸಾಕು. ನಮ್ಮ ಬೆಂಗಳೂರಿನ ಕಥೆಯ ಒಂದು ಎಳೆ ಇಲ್ಲೇ ಸೇರುತ್ತೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ಇಲ್ಲಿನ ಕೆಲಸವನ್ನ ಹೊರದೇಶದ ಕಚೇರಿಗೆ ಜೋಡಿಸ್ತು. ಅದು ಮನೆ ಮೋಡೆಮ್ ಅಲ್ಲ, ದೊಡ್ಡ ಕಂಪನಿಯ ದುಬಾರಿ ಲಿಂಕ್. ಆದರೆ ವಿಚಾರ ಒಂದೇ: ಮನುಷ್ಯ ಇಲ್ಲಿ, ಯಂತ್ರ ಅಲ್ಲಿ. ನನ್ನ ವಯಸ್ಸಿನವರಲ್ಲಿ ಎಷ್ಟು ಜನ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಸರ್ವರ್ ನೋಡ್ಕೊಂಡು ಮನೆ ಇಎಂಐ ಕಟ್ತಿದ್ದಾರೆ, ಲೆಕ್ಕ ಹಾಕಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗಲೂ ಅಗ್ಗದ ಶೆಲ್ ಖಾತೆ ಅಂದ್ರೆ ಇದೇ: ನಿಮ್ಮ ಪಿಸಿ ಬರೀ ಕಿಟಕಿ, ಕೆಲಸ ನಡೆಯೋದು ಅವರ ಯಂತ್ರದಲ್ಲಿ.

ಬಾಗಿಲು ಇದ್ದ ಮೇಲೆ ತಟ್ಟೋರೂ ಇರ್ತಾರೆ. 1983ರಲ್ಲಿ 'ವಾರ್‌ಗೇಮ್ಸ್' ಸಿನಿಮಾ ಬಂತು. ಒಬ್ಬ ಹುಡುಗ ಮೋಡೆಮ್‌ನಿಂದ ನಂಬರ್ ಮೇಲೆ ನಂಬರ್ ಡಯಲ್ ಮಾಡಿಸಿ ಕೊನೆಗೆ ಸೇನೆಯ ಕಂಪ್ಯೂಟರ್‌ಗೆ ನುಗ್ಗೋ ಕಥೆ. ಅದೇ ವರ್ಷ ಮಿಲ್ವಾಕಿ ನಗರದ ಹುಡುಗರ ಗುಂಪೊಂದು ಸಿಕ್ಕಿಬಿತ್ತು. ಊರಿನ ಫೋನ್ ಕೋಡ್‌ನಿಂದ ಅವರನ್ನ 414 ಗುಂಪು ಅಂತ ಕರೆದರು. ಅವರು ಹೊಕ್ಕಿದ್ದ ಜಾಗಗಳಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯ, ನ್ಯೂಯಾರ್ಕ್‌ನ ಒಂದು ಕ್ಯಾನ್ಸರ್ ಆಸ್ಪತ್ರೆ ಎರಡೂ ಇದ್ದವು. 1986ರಲ್ಲಿ ಅಮೆರಿಕ ಕಂಪ್ಯೂಟರ್ ವಂಚನೆಗೇ ಪ್ರತ್ಯೇಕ ಕಾನೂನು ಮಾಡ್ತು.

ಆ ಕಾಲದ ಒಂದು ರಕ್ಷಣೆ ನನಗೆ ಇವತ್ತಿಗೂ ಬಹಳ ಜಾಣತನದ್ದು ಅನ್ಸುತ್ತೆ. ಕಾಲ್‌ಬ್ಯಾಕ್ ಮೋಡೆಮ್. ನೀವು ಕರೆ ಮಾಡಿ ಪಾಸ್‌ವರ್ಡ್ ಕೊಡ್ತೀರಿ. ಮೋಡೆಮ್ ಒಳಗೆ ಬಿಡಲ್ಲ, ಫೋನ್ ಇಟ್ಟುಬಿಡುತ್ತೆ. ಆಮೇಲೆ ತನ್ನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರೋ ನಂಬರಿಗೆ ತಾನೇ ಕರೆ ಮಾಡುತ್ತೆ. ಪಾಸ್‌ವರ್ಡ್ ಕದ್ದವನು ಎಲ್ಲೋ ಕೂತಿದ್ರೆ ರಿಂಗ್ ಆಗೋದು ನಿಮ್ಮ ಮನೇಲಿ. ಇದರಲ್ಲೂ ಒಂದು ತೂತಿತ್ತು. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಕರೆ ಮಾಡಿದವನು ಫೋನ್ ಇಡೋವರೆಗೆ ಲೈನ್ ಕಟ್ಟಾಗ್ತಿರಲಿಲ್ಲ. ಕಳ್ಳ ಫೋನ್ ಇಡದೆ ಕಾಯ್ತಾ ಕೂತರೆ, ಮೋಡೆಮ್ ಹೊಸ ಕರೆ ಅಂದ್ಕೊಂಡು ಅವನಿಗೇ ಡಯಲ್ ಮಾಡ್ತಿತ್ತು. ಅದಕ್ಕೆ ಕರೆ ತಗೊಳ್ಳೋ ಲೈನ್ ಒಂದು, ವಾಪಸ್ ಮಾಡೋ ಲೈನ್ ಇನ್ನೊಂದು ಇಟ್ಟರು.

ಈಗ ಕಾರಣ ಹೇಳ್ತೀನಿ. ನಮ್ಮ ಸೋದರಮಾವ ದಾವಣಗೆರೆಯವರು, ನಿವೃತ್ತ ಮೇಷ್ಟ್ರು. ಎರಡು ವರ್ಷದ ಹಿಂದೆ ಅವರಿಗೊಂದು ಕರೆ ಬಂತು. 'ಸರ್, ನಿಮ್ಮ ಕೆವೈಸಿ ಮುಗಿದಿದೆ, ಒಂದು ಆ್ಯಪ್ ಹಾಕ್ಕೊಳ್ಳಿ, ನಾವೇ ಸರಿ ಮಾಡಿಕೊಡ್ತೀವಿ.' ಮಾವ ಆ್ಯಪ್ ಹಾಕಿ, ಪರದೆ ಮೇಲೆ ಬಂದ ಒಂಬತ್ತು ಅಂಕಿ ಓದಿ ಹೇಳಿದರು. ಪಿಂಚಣಿ ಉಳಿತಾಯದಲ್ಲಿ ಒಂದು ದೊಡ್ಡ ಭಾಗ ಹತ್ತು ನಿಮಿಷದಲ್ಲಿ ಹೋಯ್ತು. ಮನೇಲಿ ಎಲ್ಲರೂ 'ಓದಿದವರಾಗಿ ಹೀಗ್ಯಾಕೆ ಮಾಡಿದ್ರಿ' ಅಂದರು. ಆ ಪ್ರಶ್ನೆಯಿಂದ ಅವರಿಗೆ ದುಡ್ಡಿಗಿಂತ ಜಾಸ್ತಿ ನೋವಾಯ್ತು, ಈಗಲೂ ಅಪರಿಚಿತ ನಂಬರ್ ಬಂದ್ರೆ ಫೋನನ್ನ ಮಗುಚಿ ಇಡ್ತಾರೆ.

ನನಗೆ ಅನ್ಸೋದು ಇಷ್ಟು. 1980ರ ಹವ್ಯಾಸಿ ತನ್ನ ಯಂತ್ರ ತೆರೆಯೋ ಮೊದಲು ಅಳಿಸೋ ಆಜ್ಞೆ ಕಿತ್ತು ಹಾಕಿದ್ದ. ಬಾಗಿಲು ತೆರೀತಿರೋದು ತಾನೇ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮಾವನಿಗೆ ಅದು ಬಾಗಿಲು ಅಂತಾನೇ ಯಾರೂ ಹೇಳಿರಲಿಲ್ಲ. ಒಂದು ಹಸಿರು ಬಟನ್, 'ಅನುಮತಿಸಿ' ಅನ್ನೋ ಪದ, ಅಷ್ಟೇ. ರಿಮೋಟ್ ಆ್ಯಪ್‌ಗಳಿಂದ ಹೀಗೆ ಹಣ ಹೋಗ್ತಿದೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನ ಎಚ್ಚರಿಸಿತ್ತು. ಆ ಎಚ್ಚರಿಕೆ ದಾವಣಗೆರೆಯ ಮನೆಯ ಜಗಲಿವರೆಗೆ ಬರಲಿಲ್ಲ.

ಹಾಗಾಗಿ ಮೋಡೆಮ್ ಕಾಲದಿಂದ ನಿಮ್ಮ ಮನೆಯ ಹಿರಿಯರಿಗೆ ಎರಡು ವಿದ್ಯೆ ದಾಟಿಸಿ. ಒಂದು, ಕಾಲ್‌ಬ್ಯಾಕ್: ಬ್ಯಾಂಕ್ ಅಂತ ಯಾರೇ ಕರೆ ಮಾಡಲಿ, ಫೋನ್ ಇಟ್ಟು, ಕಾರ್ಡಿನ ಹಿಂದೆ ಇರೋ ನಂಬರಿಗೆ ನೀವೇ ಮಾಡಿ. ಎರಡು, ಸ್ವಿಚ್ ಆರಿಸೋ ಹಕ್ಕು: ಪರದೆ ತಾನಾಗೇ ಓಡಾಡ್ತಿದೆ ಅನ್ನಿಸಿದ ಕ್ಷಣ ಫೋನ್ ಆಫ್ ಮಾಡಿ, ಇನ್ನೊಂದು ಫೋನಿಂದ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆ ದೂರಿನ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ರ‍್ಯಾಂಡಿ ಸ್ಯೂಸ್ 2019ರಲ್ಲಿ ತೀರಿಕೊಂಡರು, ವಾರ್ಡ್ ಕ್ರಿಸ್ಟೆನ್ಸನ್ 2024ರಲ್ಲಿ. ಅವರ ಕಾಲದವರು ಕೆಲಸ ಮುಗಿದ ಮೇಲೆ 'ಬೈ' ಅಂತ ಬರೆದು ಹೋಗ್ತಿದ್ರು. ಬಂದವನು ಹೋದ ಅನ್ನೋದು ಮನೆಯವನಿಗೆ ಗೊತ್ತಾಗ್ತಿತ್ತು. ಈ ಕಂತನ್ನ ನಿಮ್ಮ ಅಪ್ಪ ಅಮ್ಮನಿಗೆ, ಅತ್ತೆ ಮಾವನಿಗೆ ಒಂದು ಸಲ ಕೇಳಿಸಿ, ಅವರ ಫೋನಲ್ಲಿ ಬೇಡದ ರಿಮೋಟ್ ಆ್ಯಪ್ ಇದ್ರೆ ಪಕ್ಕದಲ್ಲಿ ಕೂತು ತೆಗೆದುಕೊಡಿ. ಮುಂದಿನ ವಾರ ಸಿಗೋಣ. ಬೈ.